ಬೆರಳು ತೋರಿದ ಕಡೆ

ರುವಿಯ ಈ ಮೂರನೇ ಮಹಡಿಯಲ್ಲಿ
ಬಾಗಿಲಾಚೆ ಹನ್ನೊಂದು ಜೊತೆ ಪುಟ್ಟ ಚಪ್ಪಲಿ.
ಆರೂವರೆಗೇ ಎಡ ಬಲ ಕಲಸಿಹೋಗಿರುತ್ತವೆ,
ಯಾವುದು ಯಾರದೆಂದು ನನಗಿಂತ
ಮಕ್ಕಳಿಗೇ ಚೆನ್ನಾಗಿ ಗೊತ್ತು.

ವಾರಿಜಾಂಟಿ ಎನ್ನಲು ನಾಲಿಗೆ ಹೊರಳದೆ
ಯಾವಳೋ ಒಬ್ಬಳು ಆಜಾಂಟಿ ಅಂದಳು,
ಉಳಿದವರು ಅದನ್ನೇ ಹಿಡಿದರು.
ಅವಳೀಗ ಎಲ್ಲೋ ಕಾಲೇಜು ಓದುತ್ತಾಳೆ,
ನಾನಿನ್ನೂ ಆಜಾಂಟಿ.

ಎರಡು ತುಂಬುವಾಗ 'ನಂದು' ಬರುತ್ತದೆ.
ನೌಫಲನ ಮಗಳು 'ಎಂಡೆ' ಅಂತಾಳೆ, ಅರೀಬಾ 'ಮೇರಾ',
ಫಿಲಿಪಿನೊ ಹುಡುಗ 'ಅಕಿನ್'.
ಒಂದು ಕೆಂಪು ಬಕೆಟ್ಟಿಗೆ ಮೂರು ಭಾಷೆಯ ಜಗ್ಗಾಟ.
'ನಮ್ದು' ಮಾತ್ರ ತಡ, ದವಡೆಹಲ್ಲಿನ ಹಾಗೆ:
ಒಸಡು ಬಾತು, ಮೈ ಬಿಸಿಯಾಗಿ,
ಮನೆಮಂದಿಯ ನಿದ್ದೆ ಕೆಡಿಸಿ.

ಹಲ್ಲು ಒಳಗಿಂದ ಬರುತ್ತದೆ, ನಡತೆ ಹೊರಗಿಂದ.
ಬಹಳ ವರ್ಷ ಹೀಗೇ ನಂಬಿದ್ದೆ.
ಕಾಯುವುದು ಒಂದನ್ನು, ಕಲಿಸುವುದು ಇನ್ನೊಂದನ್ನು.

ಆದರೆ ನಾಲ್ಕರ ತನ್ವೀರನಿಗೆ ಯಾರು ಕಲಿಸಿದರು?
ಸ್ಟೂಲಿನ ಮೇಲೆ ಕೂತು, ಸೋಪಿನ ಡಬ್ಬಿಯನ್ನೇ ಸೀಲು ಮಾಡಿ
ಏರ್‌ಪೋರ್ಟ್ ಆಡುತ್ತಾನೆ.
ಸಾಲಲ್ಲಿ ನಿಂತವರ ಮುಖ ನೋಡುವುದಿಲ್ಲ,
ಕೈಯಷ್ಟೇ ಚಾಚುತ್ತಾನೆ. 'ಪೇಪರ್.'
ಅರೀಬಾ ಹಳೇ ಕ್ಯಾಲೆಂಡರಿನ ಹಾಳೆ ಕೊಟ್ಟಳು.
ತಿರುಗಿಸಿ ನೋಡಿ, 'ನಾಳೆ ಬಾ' ಅಂದ.
ಅವಳು ಅಳಲಿಲ್ಲ. ಅದೇ ನನ್ನನ್ನು ಚುಚ್ಚಿದ್ದು.
ಅಪ್ಪನ ಕೈ ಹಿಡಿದು ಎಷ್ಟು ಕೌಂಟರಿನ ಕೆಳಗೆ ನಿಂತಿದ್ದಳೋ,
ಹಿಂದಕ್ಕೆ ಹೋಗಿ ಮತ್ತೆ ಸಾಲು ಹಿಡಿದಳು.

ಇನ್ನು ಎಲ್ರಿಕ್. ಹದಿನೈದು ತಿಂಗಳು.
ತಾಯಿ ಜೆಸಿಂತಾ ಆಸ್ಪತ್ರೆಯಲ್ಲಿ ರಾತ್ರಿ ಡ್ಯೂಟಿ,
ತಂದೆ ದುಕ್ಮ್‌ನಲ್ಲಿ, ದಿನವೂ ಫೋನಿನಲ್ಲಿ ಬರುತ್ತಾನೆ.
ಒಂದು ಸಂಜೆ ಕಿಟಕಿಯಲ್ಲಿ ಪಾರಿವಾಳ ಕಂಡು
ಮಗು ಅಪ್ಪನಿಗೆ ತೋರಿಸಲು ಹೋಯಿತು.
ಬೆರಳು ಕ್ಯಾಮೆರಾಕ್ಕೇ ಅಂಟಿತು.
ಅಪ್ಪನಿಗೆ ಕಂಡದ್ದು ಪರದೆ ತುಂಬಾ ಗುಲಾಬಿ ಕತ್ತಲೆ.
'ಏನೋ ಅದು? ಏನೋ?' ಅಂತ ಅವನು ಕೇಳುತ್ತಲೇ ಇದ್ದ,
ಪಾರಿವಾಳ ಹಾರಿಯೂ ಆಗಿತ್ತು.

ಹೆಲ್ತ್ ಸೆಂಟರಿನ ಫಾರಂ ನಾನೇ ತುಂಬಿದ್ದು,
ಜೆಸಿಂತಾ ಸೋಫಾದಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದಳು.
ಬೆರಳು ತೋರಿಸುತ್ತದೆಯೇ? ಹೌದು, ಇಲ್ಲ.
ಯಾರಿಗೆ, ಎಂದು ಕೇಳಿರಲಿಲ್ಲ.
ತೋರಿಸಿದಾಗ ಯಾರು ತಿರುಗಿ ನೋಡಿದರು
ಎಂಬುದಕ್ಕೆ ಚೌಕವೇ ಇರಲಿಲ್ಲ.
ಪೆನ್ನು ಹಿಡಿದು ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಬೆರಳು ತಾನಾಗಿಯೇ ಚಿಗುರುತ್ತದೆ, ನಿಜ,
ಯಾರೂ ಹಿಡಿದು ಬಿಡಿಸಬೇಕಿಲ್ಲ.
ಆದರೆ ಚಾಚಿದ ಬೆರಳಿನ ತುದಿಯಿಂದ
ಪಾರಿವಾಳದವರೆಗಿನ ದಾರಿ ಇದೆಯಲ್ಲ,
ಅದನ್ನು ಒಬ್ಬರೇ ನಡೆಯಲು ಆಗುವುದಿಲ್ಲ.
ಎಷ್ಟು ಬೆರಳುಗಳನ್ನು
'ಇರು ಮರೀ, ಒಲೆ ಮೇಲೆ ಹಾಲಿದೆ' ಎಂದು
ನಾನೇ ಮಡಿಸಿದ್ದೇನೋ, ಲೆಕ್ಕವಿಟ್ಟಿಲ್ಲ.

ನಿನ್ನೆ ಗಂಜಿ ಉಣಿಸುವಾಗ ಎಲ್ರಿಕ್ ಕೈ ಎತ್ತಿದ.
ಕಿಟಕಿಯಾಚೆ ನೀರಿನ ಟ್ಯಾಂಕುಗಳು, ಅದರಾಚೆ
ಹುಲ್ಲುಕಡ್ಡಿಯೂ ಇಲ್ಲದ ಕಂದು ಬೆಟ್ಟ.
ಚಮಚ ಕೆಳಗಿಟ್ಟು ನೋಡಿದೆ.
ಅಲ್ಲಿ ಏನೂ ಇರಲಿಲ್ಲ.
ಅವನು ಬೆಟ್ಟವನ್ನು ಬಿಟ್ಟು ನನ್ನ ಮುಖ ನೋಡಿದ,
ನಾನು ನೋಡಿದೆನೋ ಇಲ್ಲವೋ ಎಂದು.
'ಹೌದು ಮಾರಾಯ,' ಅಂದೆ, 'ಬೆಟ್ಟ.'
ಮತ್ತೆ ತೋರಿಸಿದ. ಮತ್ತೆ ನನ್ನ ಮುಖ.
ಗಂಜಿ ಆರಿತು.

ಅಷ್ಟರಲ್ಲಿ ಸ್ಟೂಲು ಸರಿದ ಸದ್ದು.
ತನ್ವೀರ ಸೀಲು ಕೈಯಲ್ಲೇ ಹಿಡಿದು ಬಂದ,
ಅವನ ಹಿಂದೆ ಸಾಲಿಗೆ ಸಾಲೇ ಬಂತು.
ಕಿಟಕಿಗೆ ಮೂಗೊತ್ತಿ
'ಏನು? ಏನು? ಎಲ್ಲಿ?'